ಕಣಗಿನಹಾಳದ ಸಾಲ, ಬಾಸ್ಟನ್ನಿನ ಕಂತು

ಗದಗಿನ ಪೇಟೆಯಲ್ಲಿ ಹತ್ತಿಯ ವಹಿವಾಟು ಜೋರಾಗಿದ್ದ ಕಾಲದಲ್ಲೂ ಹತ್ತಿ ಬೆಳೆಯುವವನ ಕೈಯಲ್ಲಿ ಕಾಸು ಆಡುತ್ತಿರಲಿಲ್ಲ. ಬಿತ್ತನೆಗೆ ಮುಂಗಡ ಸಾಹುಕಾರನಿಂದ ಬರುತ್ತಿತ್ತು, ಬಿಡಿಸಿದ ಹತ್ತಿ ಅದೇ ಸಾಹುಕಾರನ ಅಂಗಳಕ್ಕೆ ಹೋಗುತ್ತಿತ್ತು. ದರ ಅವನದು, ತೂಕ ಅವನದು, ಲೆಕ್ಕದ ವಹಿಯೂ ಅವನದೇ. ಅದರ ಮೇಲೆ 1896ರಿಂದ 1900ರ ನಡುವೆ ಎರಡು ದೊಡ್ಡ ಬರಗಳು ಬಂದುಹೋದವು. 1905ರಲ್ಲಿ ಗದಗಿನ ಪಕ್ಕದ ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಪತ್ತಿನ ಸಂಘ ಕಟ್ಟಿದ್ದು ಇಂಥ ದಿನಗಳ ಬೆನ್ನಿಗೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂಬ ಹೆಗ್ಗಳಿಕೆ ಅದಕ್ಕಿದೆ. ತಮ್ಮದೇ ಮೊದಲು ಎನ್ನುವ ತಮಿಳುನಾಡಿನ ತಿರೂರಿನವರು ಇದನ್ನು ಒಪ್ಪುವುದಿಲ್ಲ; ಆ ತಕರಾರು ಇಲ್ಲಿ ಬೇಡ.

ಗೌಡರಿಗೆ ಈ ದಾರಿ ತೆರೆದದ್ದು 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ. ಕನಿಷ್ಠ ಹತ್ತು ಜನ ಸೇರಿದರೆ ಒಂದು ಸಂಘ. ಸಾಲ ಸದಸ್ಯರಿಗೆ ಮಾತ್ರ. ಯಾರೂ ಐದನೇ ಒಂದು ಭಾಗಕ್ಕಿಂತ ಹೆಚ್ಚು ಷೇರು ಹಿಡಿಯುವಂತಿಲ್ಲ. ಇದೆಲ್ಲ ಸರಿ, ಹಳ್ಳಿಯ ಸಂಘಗಳಿಗೆ ಹಾಕಿದ ಇನ್ನೊಂದು ಷರತ್ತು ಮಾತ್ರ ಇಂದಿನವರಿಗೆ ದಿಗಿಲು ಹುಟ್ಟಿಸೀತು: ಅಪರಿಮಿತ ಹೊಣೆ. ಒಬ್ಬ ಕೈಯೆತ್ತಿದರೆ ಉಳಿದವರ ಹೊಲಮನೆಯೂ ಸಂಘದ ಸಾಲಕ್ಕೆ ಬಾಧ್ಯ.

ಈ ಷರತ್ತು ಹುಟ್ಟಿದ್ದು ಜರ್ಮನಿಯಲ್ಲಿ. ರೈನ್ ಸೀಮೆಯ ವೈಯರ್‌ಬುಷ್‌ನಲ್ಲಿ 1846-47ರ ಚಳಿಗಾಲಕ್ಕೆ ಕಾಳು ತುಟ್ಟಿಯಾಗಿ ಜನ ಹಸಿವಿಗೆ ಬಿದ್ದಾಗ, ಫ್ರೀಡ್ರಿಷ್ ವಿಲ್ಹೆಲ್ಮ್ ರೈಫೈಸನ್ ಎಂಬ ಮೇಯರ್ ಉಳ್ಳವರಿಂದ ಹಣ ಕೂಡಿಸಿ ಬ್ರೆಡ್ ಸಂಘ ಮಾಡಿದ. ಧರ್ಮದ ಹಣ ಹೆಚ್ಚು ದೂರ ಸಾಗದು ಎಂದು ಅವನಿಗೆ ಗೊತ್ತಾಗಲು ಕೆಲ ವರ್ಷ ಬೇಕಾಯಿತು. 1860ರ ದಶಕದ ಹೊತ್ತಿಗೆ ಅವನ ಸಂಘಗಳಲ್ಲಿ ದಾನಿಗಳಿಲ್ಲ. ಸಾಲ ಬೇಕಾದವರೇ ಸದಸ್ಯರು, ಸದಸ್ಯರೇ ಜಾಮೀನುದಾರರು. ಪಕ್ಕದ ಹೊಲದವನು ಸಾಲದ ಹಣದಲ್ಲಿ ಎತ್ತು ಕೊಂಡನೋ, ಕುಡಿದು ಕಳೆದನೋ ಎಂದು ನೋಡಲು ಇನ್‌ಸ್ಪೆಕ್ಟರ್ ಬೇಕಿರಲಿಲ್ಲ. ತನ್ನ ಹೊಲವೂ ಒತ್ತೆಯಲ್ಲಿರುವಾಗ ಯಾರ ಕಣ್ಣಾದರೂ ಚುರುಕಾಗುತ್ತದೆ.

ಭಾರತದಲ್ಲಿ ಸರ್ಕಾರಕ್ಕೂ ಅಂಥದೊಂದು ಉಪಾಯ ಬೇಕಿತ್ತು. 1875ರಲ್ಲಿ ಪುಣೆ ಸೀಮೆಯ ಸುಪೆಯಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದು ಸಾಲಪತ್ರಗಳನ್ನು ಸುಟ್ಟಿದ್ದರು. ಕಾನೂನಿನಿಂದ ಸಾಹುಕಾರನನ್ನು ಕಟ್ಟಿಹಾಕುವುದು ಸುಲಭ. ಬಿತ್ತನೆಗೆ ಹಣ ಎಲ್ಲಿಂದ ಎನ್ನುವುದಕ್ಕೆ ಕಾನೂನಿನಲ್ಲಿ ಉತ್ತರವಿರಲಿಲ್ಲ. ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯುರೋಪಿನ ಸಂಘಗಳನ್ನು ಅಧ್ಯಯನ ಮಾಡಿ 1895 ಮತ್ತು 1897ರಲ್ಲಿ ಎರಡು ದಪ್ಪ ವರದಿ ಬರೆದ. ರೈಫೈಸನ್‌ನಂಥವರನ್ನು ಹುಡುಕಿ ಎಂಬುದು ಅವುಗಳ ಸಾರ. ಕಾಯಿದೆ ಬಂದ ಮರುವರ್ಷ ಕಣಗಿನಹಾಳದಲ್ಲಿ ಅಂಥವರೊಬ್ಬರು ಸಿಕ್ಕರು ಎನ್ನಲು ಅಡ್ಡಿಯಿಲ್ಲ.

ಕಥೆ ಇಲ್ಲಿಗೆ ನಿಂತಿದ್ದರೆ ಅದು ನಮ್ಮೂರಿನ ಹೆಮ್ಮೆಯಾಗಿ ಮುಗಿಯುತ್ತಿತ್ತು. ಆದರೆ 1907ರಲ್ಲಿ ಬಾಸ್ಟನ್ನಿನ ಬಟ್ಟೆ ಅಂಗಡಿಯ ಒಡೆಯ ಎಡ್ವರ್ಡ್ ಫೈಲೀನ್ ಲೋಕಸಂಚಾರಕ್ಕೆ ಹೊರಟು ಭಾರತಕ್ಕೂ ಬಂದ. ಬಂಗಾಳದಲ್ಲಿ ಸಹಕಾರ ಸಂಘಗಳ ಉಸ್ತುವಾರಿ ನೋಡುತ್ತಿದ್ದ ಗೌರ್ಲೆ ಎಂಬ ಅಧಿಕಾರಿಯಿಂದ ಹಳ್ಳಿಯ ಸಂಘಗಳ ಪರಿಚಯವಾಯಿತು. ಬಡವರು ತಮ್ಮ ತಮ್ಮಲ್ಲೇ ಸಾಲ ಕೊಟ್ಟುಕೊಂಡು ತೀರಿಸುವುದನ್ನು ಕಂಡ ಆ ವ್ಯಾಪಾರಿ ಊರಿಗೆ ಮರಳಿ ಸುಮ್ಮನೆ ಕೂರಲಿಲ್ಲ.

ಅದೇ ಹೊತ್ತಿಗೆ ಕೆನಡಾದ ಕಡೆಯಿಂದಲೂ ಗಾಳಿ ಬೀಸುತ್ತಿತ್ತು. ಅಲ್ಫೋನ್ಸ್ ಡೇಜಾರ್ಡಾಂ ಅಲ್ಲಿನ ಸಂಸತ್ತಿನಲ್ಲಿ ಭಾಷಣಗಳನ್ನು ಬರೆದುಕೊಳ್ಳುವ ನೌಕರ. 1897ರಲ್ಲಿ ಸದಸ್ಯನೊಬ್ಬ ಎದ್ದು, ಮಾಂಟ್ರಿಯಲ್‌ನಲ್ಲಿ 150 ಡಾಲರ್ ಸಾಲ ಮಾಡಿದವನ ತಲೆಗೆ 5,000 ಡಾಲರ್ ಬಡ್ಡಿ ಬಿದ್ದ ಪ್ರಕರಣ ಹೇಳಿದ. ಬರೆದುಕೊಳ್ಳುತ್ತಿದ್ದವನ ತಲೆಯಿಂದ ಅದು ಇಳಿಯಲೇ ಇಲ್ಲ. 1900ರ ಡಿಸೆಂಬರಿನಲ್ಲಿ ಲೆವಿ ಪಟ್ಟಣದಲ್ಲಿ ಅವನು ಜನರ ಖಜಾನೆ ಎಂಬ ಪತ್ತಿನ ಸಂಘ ಸ್ಥಾಪಿಸಿದ. ಮರುತಿಂಗಳು ಬಾಗಿಲು ತೆರೆದಾಗ ಬಂದ ಮೊದಲ ಠೇವಣಿ 10 ಸೆಂಟು, ಆ ದಿನದ ಒಟ್ಟು 26 ಡಾಲರ್ 40 ಸೆಂಟು. 1909ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಕ್ರೆಡಿಟ್ ಯೂನಿಯನ್, ಅಂದರೆ ಪತ್ತಿನ ಸಂಘಗಳ, ಕಾಯಿದೆ ತಂದಾಗ ಡೇಜಾರ್ಡಾಂನ ಅನುಭವ, ಫೈಲೀನ್‌ನ ಹುರುಪು ಎರಡೂ ಅದರ ಹಿಂದಿದ್ದವು.

ಮುಂದೆ ಇಂಥ ಸಂಘಗಳಿಗಾಗಿ ಅಮೆರಿಕದ ಒಕ್ಕೂಟ ಸರ್ಕಾರ 1934ರಲ್ಲಿ ತಂದ ಕಾಯಿದೆಯಲ್ಲಿ ಸಾಲಗಾರ ಗಮನಿಸಬೇಕಾದ ಎರಡು ಮಾತುಗಳಿದ್ದವು. ಬಡ್ಡಿ ತಿಂಗಳಿಗೆ ಶೇ 1ನ್ನು ಮೀರುವಂತಿರಲಿಲ್ಲ, ಅದೂ ತೀರದೆ ಉಳಿದ ಅಸಲಿನ ಮೇಲೆ ಮಾತ್ರ. ಸಾಲಗಾರ ಬೇಕಾದ ದಿನ ಪೂರ್ತಿಯಾಗಿಯೋ ಭಾಗಶಃವಾಗಿಯೋ ಮುಂಚಿತವಾಗಿ ಕಟ್ಟಬಹುದಿತ್ತು. ಮೊದಲನೆಯದರ ಬೆಲೆಯನ್ನು ಲೆಕ್ಕ ಹಾಕಿಯೇ ನೋಡಬೇಕು. 12,000 ರೂಪಾಯಿ ಸಾಲವನ್ನು ತಿಂಗಳಿಗೆ 1,000ದಂತೆ ಅಸಲು ಕಳೆಯುತ್ತ ಒಂದು ವರ್ಷದಲ್ಲಿ ತೀರಿಸಿದರೆ ಮೊದಲ ತಿಂಗಳ ಬಡ್ಡಿ 120, ಕೊನೆಯ ತಿಂಗಳದು 10. ಒಟ್ಟು 780 ರೂಪಾಯಿ. ಅದೇ ದರವನ್ನು, ಅಂದರೆ ವರ್ಷಕ್ಕೆ ಶೇ 12ನ್ನು, ಮೂಲ ಸಾಲದ ಮೇಲೇ ಹಿಡಿದರೆ 1,440. ದರ ಒಂದೇ, ಸುಲಿಗೆ ಬೇರೆ. ಅಂಗಡಿಯಲ್ಲಿ ಕಂತಿನ ಮೇಲೆ ಫ್ರಿಜ್ ಕೊಳ್ಳುವವರು ಇಂದಿಗೂ ದರ ಕೇಳುತ್ತಾರೆ, ಅದನ್ನು ಯಾವುದರ ಮೇಲೆ ಹಾಕುತ್ತೀರಿ ಎಂದು ಕೇಳುವುದಿಲ್ಲ.

ಇತ್ತ ತವರಿನಲ್ಲಿ ಸಂಘಗಳು ಹೆಚ್ಚಿದವು, ಸಾಹುಕಾರ ಮಾತ್ರ ಕದಲಲಿಲ್ಲ. 1951-52ರಲ್ಲಿ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ನಡೆದಾಗ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಬರೀ ಶೇ 3.1. ಪರಿಹಾರವೆಂದು ಸರ್ಕಾರವೇ ಬಂಡವಾಳ ಹಾಕಿತು. ರಾಜ್ಯ ಮಟ್ಟದ ಅಪೆಕ್ಸ್ ಬ್ಯಾಂಕು, ಜಿಲ್ಲೆಯ ಕೇಂದ್ರ ಸಹಕಾರ (ಡಿಸಿಸಿ) ಬ್ಯಾಂಕು, ಊರಿನ ಸೊಸೈಟಿ ಎಂದು ಹಣ ಮೇಲಿನಿಂದ ಇಳಿಯತೊಡಗಿತು. ಹಣ ಹಳ್ಳಿಗೆ ತಲುಪಿದ್ದು ನಿಜ. ಆದರೆ ಬೆಂಗಳೂರಿನ ದುಡ್ಡಿಗೆ ಸುಸ್ತಿಯಾದವನನ್ನು ನೆರೆಯವನೇಕೆ ಕೇಳಬೇಕು? ರೈಫೈಸನ್‌ನ ಯಂತ್ರದ ಮುಖ್ಯ ಕೀಲು ಕಳಚಿದ್ದು ಇಲ್ಲೇ ಎನ್ನದೆ ವಿಧಿಯಿಲ್ಲ. ಆಮೇಲೆ ಚುನಾವಣೆಗೊಂದು ಸಾಲಮನ್ನಾದ ನಿರೀಕ್ಷೆಯೂ ಸೇರಿಕೊಂಡಿತು. ಕರ್ನಾಟಕದಲ್ಲೇ 2017ರಲ್ಲಿ ಸಹಕಾರಿ ಸಾಲದ 50,000 ರೂಪಾಯಿವರೆಗೆ, 2018ರಲ್ಲಿ 1 ಲಕ್ಷದವರೆಗೆ ಮನ್ನಾ ಆಯಿತು. ಕಷ್ಟದಲ್ಲಿದ್ದವರಿಗೆ ಅದು ಉಸಿರು. ವಾಯಿದೆಯೊಳಗೆ ಕಟ್ಟಿ ಮುಗಿಸಿದ್ದವರಿಗೆ ಹೊಟ್ಟೆಯುರಿ.

ಈಗ ರಾಜ್ಯದಲ್ಲಿ ಅಲ್ಪಾವಧಿ ಬೆಳೆಸಾಲಕ್ಕೆ 5 ಲಕ್ಷದವರೆಗೆ ಬಡ್ಡಿಯೇ ಇಲ್ಲ, ವಾಯಿದೆಯೊಳಗೆ ಕಟ್ಟಿದರೆ. ದಿನ ತಪ್ಪಿದರೆ ರಿಯಾಯಿತಿ ಹೋಯಿತು, ಬಡ್ಡಿ ಬಿತ್ತು. ಹೀಗಾಗಿ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ, ಯಾವ ವರದಿಯಲ್ಲೂ ನೇರವಾಗಿ ಕಾಣಿಸಿಕೊಳ್ಳದ ಒಂದು ಏರ್ಪಾಟಿದೆ. ವಾಯಿದೆ ಹತ್ತಿರವಾದಾಗ ರೈತ ಖಾಸಗಿಯವರಿಂದ ಕೈಗಡ ತರುತ್ತಾನೆ, ಸೊಸೈಟಿಯ ಸಾಲ ಚುಕ್ತಾ ಮಾಡುತ್ತಾನೆ, ಹೊಸ ಸಾಲ ಮಂಜೂರಾದ ಕೂಡಲೇ ಕೈಗಡ ಹಿಂತಿರುಗಿಸುತ್ತಾನೆ. ಸೊಸೈಟಿಯ ಪುಸ್ತಕದಲ್ಲಿ ವಸೂಲಿ ಆಗಿದೆ, ಸಾಲ ನವೀಕರಣವೂ ಆಗಿದೆ. ಬಡ್ಡಿಯಿಲ್ಲದ ಸಾಲ ಉಳಿಸಿಕೊಳ್ಳಲು ಆ ಕೆಲವು ದಿನಗಳಿಗೆ ಕೊಟ್ಟ ಬಡ್ಡಿ ಮಾತ್ರ ಎಲ್ಲೂ ನಮೂದಾಗುವುದಿಲ್ಲ. ಹೊಸ ಸಾಲ ತಡವಾದರಂತೂ ಸಾಹುಕಾರನಿಗೆ ಹಬ್ಬ.

ಹಳೆಯ ಮಾದರಿ ಇನ್ನೂ ಉಸಿರಾಡುತ್ತಿರುವುದು ಕಚೇರಿಗಳ ಪತ್ತಿನ ಸಂಘಗಳಲ್ಲಿ. ಶಿಕ್ಷಕರದು, ಪೊಲೀಸರದು, ಸಾರಿಗೆ ನೌಕರರದು ಹೀಗೆ. ಹಣ ಸದಸ್ಯರದೇ, ಕಂತು ಸಂಬಳದಲ್ಲೇ ಕಡಿತ, ಜಾಮೀನಿಗೆ ಪಕ್ಕದ ಮೇಜಿನವರು. ಸಾಲಗಾರ ನಿಲ್ಲಿಸಿದರೆ ಕತ್ತರಿ ಜಾಮೀನುದಾರನ ಸಂಬಳಕ್ಕೆ. ಆದ್ದರಿಂದ ರುಜು ಹಾಕುವ ಮುನ್ನ ಕೇಳುವ ಪ್ರಶ್ನೆಗಳು ಯಾವ ಬ್ಯಾಂಕ್ ಮ್ಯಾನೇಜರನೂ ಕೇಳದಂಥವು: ಈಗಾಗಲೇ ಎಷ್ಟು ಕಡಿತವಾಗುತ್ತಿದೆ, ನಿವೃತ್ತಿ ಯಾವಾಗ, ಹೋದ ಸಲದ ಚೀಟಿಯ ಹಣ ಏನಾಯಿತು. ಈ ಸಂಘಗಳ ವಾರ್ಷಿಕ ಮಹಾಸಭೆಯಲ್ಲಿ ಪ್ರತಿವರ್ಷ ಎರಡು ಬೇಡಿಕೆ ತಪ್ಪುವುದಿಲ್ಲ. ಡಿವಿಡೆಂಡ್ ಏರಿಸಿ, ಸಾಲದ ಬಡ್ಡಿ ಇಳಿಸಿ. ಎರಡನ್ನೂ ಕೂಗುವವರು ಬಹುತೇಕ ಒಂದೇ ಸಾಲಿನಲ್ಲಿ ಕೂತಿರುತ್ತಾರೆ.