ಅಧ್ಯಾಪಕರ ಆನ್‌ಲೈನ್ ಕಲಿಕಾ ಸಮುದಾಯ

ಅಧ್ಯಾಪಕರ ಆನ್‌ಲೈನ್ ಕಲಿಕಾ ಸಮುದಾಯ ಎಂದರೆ ಕಾಲೇಜು ಹಾಗೂ ವಿಶ್ವವಿದ್ಯಾಲಯಗಳ ಅಧ್ಯಾಪಕರು ತಮ್ಮ ಬೋಧನೆಯನ್ನು ಉತ್ತಮಪಡಿಸಿಕೊಳ್ಳಲು ಅಂತರಜಾಲದ ಮೂಲಕ ದೀರ್ಘಕಾಲ ಸಂಪರ್ಕದಲ್ಲಿರುವ ಗುಂಪು. ನಿಗದಿತ ದಿನಗಳಲ್ಲಿ ಮುಗಿಯುವ ತರಬೇತಿ ಶಿಬಿರಕ್ಕಿಂತ ಇದು ಭಿನ್ನವಾದುದು. ಶಿಬಿರದಲ್ಲಿ ಸಾಮಾನ್ಯವಾಗಿ ಪರಿಣತರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಸಮುದಾಯದಲ್ಲಿ ಸದಸ್ಯರು ತರಗತಿಯಲ್ಲಿ ಎದುರಾದ ತೊಡಕುಗಳನ್ನು ತಾವೇ ಮುಂದಿಟ್ಟು ಪರಸ್ಪರರಿಂದ ಕಲಿಯುತ್ತಾರೆ. ಇದರ ಉಳಿವು ಬಳಸುವ ತಂತ್ರಾಂಶಕ್ಕಿಂತ ಹೆಚ್ಚಾಗಿ ಸದಸ್ಯರ ನಡುವಿನ ವಿಶ್ವಾಸವನ್ನು ಅವಲಂಬಿಸಿದೆ.

ಹಿನ್ನೆಲೆ

ಅಮೆರಿಕದ ಒಹಾಯೊ ರಾಜ್ಯದ ಮಯಾಮಿ ವಿಶ್ವವಿದ್ಯಾಲಯದಲ್ಲಿ 1979ರಲ್ಲಿ ಅಧ್ಯಾಪಕರ ಕಲಿಕಾ ಸಮುದಾಯಗಳು ಆರಂಭವಾದವು. ಇವುಗಳನ್ನು ಬೆಳೆಸಿದವರಲ್ಲಿ ಮಿಲ್ಟನ್ ಕಾಕ್ಸ್ ಪ್ರಮುಖರು. ಬೇರೆ ಬೇರೆ ವಿಭಾಗಗಳ 6ರಿಂದ 15 ಮಂದಿ ಒಂದು ವರ್ಷ ಕಾಲ ಒಟ್ಟಾಗಿ ಕಲಿಯುವುದು ಈ ಮಾದರಿಯ ಕ್ರಮ.

ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ಪ್ರಕಟಿಸಿದ ಕೃತಿಯು ಇಂತಹ ಕಲಿಕೆಗೆ ಸೈದ್ಧಾಂತಿಕ ನೆಲೆಯನ್ನು ಒದಗಿಸಿತು. ಲೈಬೀರಿಯದ ದರ್ಜಿಗಳ ಬಳಿ ಕೆಲಸ ಕಲಿಯುವವರು ಮೊದಲು ಗುಂಡಿ ಹಚ್ಚುವಂತಹ ಕೊನೆಯ ಹಂತದ ಕೆಲಸಗಳನ್ನು ಮಾಡಿ, ಕ್ರಮೇಣ ಹೊಲಿಗೆಗೂ ಬಟ್ಟೆ ಕತ್ತರಿಸುವುದಕ್ಕೂ ಬರುತ್ತಾರೆ. ಕಲಿಕೆ ಎಂದರೆ ಹೀಗೆ ಅಂಚಿನಿಂದ ಕೇಂದ್ರದತ್ತ ಸಾಗುವ ಭಾಗವಹಿಸುವಿಕೆ ಎಂಬುದು ಅವರ ವಾದ.

ಕಟ್ಟುವ ಕ್ರಮ

ಬ್ರಿಟನ್ನಿನ ಗಿಲ್ಲಿ ಸಾಲ್ಮನ್ 2000ದಲ್ಲಿ ಆನ್‌ಲೈನ್ ಕಲಿಕೆಯ ಐದು ಹಂತಗಳನ್ನು ಗುರುತಿಸಿದರು: ಪ್ರವೇಶ ಮತ್ತು ಪ್ರೇರಣೆ, ಪರಸ್ಪರ ಪರಿಚಯ, ಮಾಹಿತಿ ವಿನಿಮಯ, ಜ್ಞಾನ ನಿರ್ಮಾಣ ಮತ್ತು ಸ್ವಂತ ಬೆಳವಣಿಗೆ. ಪರಿಚಯದ ಹಂತವನ್ನು ದಾಟದೆ ಗಂಭೀರ ಚರ್ಚೆಯನ್ನು ನಿರೀಕ್ಷಿಸುವುದು ಹಲವು ಗುಂಪುಗಳ ಸೋಲಿಗೆ ಕಾರಣವಾಗುತ್ತದೆ. ಪರಿಚಯವಿಲ್ಲದವರ ಮುಂದೆ "ನನ್ನ ಪಾಠ ವಿದ್ಯಾರ್ಥಿಗಳಿಗೆ ಅರ್ಥವಾಗಲಿಲ್ಲ" ಎಂದು ಬರೆಯಲು ಯಾವ ಅಧ್ಯಾಪಕರೂ ಸುಲಭವಾಗಿ ಮುಂದಾಗುವುದಿಲ್ಲ.

ಆದ್ದರಿಂದ ಸಂಯೋಜಕರ ಪಾತ್ರ ಮುಖ್ಯವಾದುದು. ಹೊಸಬರನ್ನು ಬರಮಾಡಿಕೊಳ್ಳುವುದು, ಮೊದಲ ಪ್ರಶ್ನೆಗೆ ಉತ್ತರ ಸಿಗುವಂತೆ ನೋಡಿಕೊಳ್ಳುವುದು, ಹಿರಿಯ ಸದಸ್ಯರು ತಮ್ಮ ವೈಫಲ್ಯಗಳನ್ನೂ ಹಂಚಿಕೊಳ್ಳುವಂತೆ ಪ್ರೋತ್ಸಾಹಿಸುವುದು ಮತ್ತು ಗುಂಪಿನ ಮಾತು ಹೊರಗೆ ಹೋಗದಂತೆ ನಿಯಮ ರೂಪಿಸುವುದು ಅವರ ಕೆಲಸಗಳು.

ಮೌನ ಸದಸ್ಯರು

ವೆಂಗರ್, ರಿಚರ್ಡ್ ಮೆಕ್‌ಡರ್ಮಟ್ ಮತ್ತು ವಿಲಿಯಂ ಸ್ನೈಡರ್ 2002ರ ಕೃತಿಯಲ್ಲಿ ಮೂರು ವಲಯಗಳನ್ನು ವಿವರಿಸಿದ್ದಾರೆ. ಸಮುದಾಯದ ಸುಮಾರು 10ರಿಂದ 15 ಶೇಕಡಾ ಜನ ಕೇಂದ್ರದಲ್ಲಿದ್ದು ಮುನ್ನಡೆಸುತ್ತಾರೆ. ಇನ್ನು 15ರಿಂದ 20 ಶೇಕಡಾ ಜನ ಸಕ್ರಿಯರಾಗಿರುತ್ತಾರೆ. ಉಳಿದವರು ಅಂಚಿನಲ್ಲಿದ್ದು ಗಮನಿಸುತ್ತಾರೆ. ಮೌನವಾಗಿ ಓದುವವರೂ ಅಲ್ಲಿ ಕಂಡ ವಿಧಾನವನ್ನು ತಮ್ಮ ತರಗತಿಯಲ್ಲಿ ಬಳಸಿರಬಹುದು. ಆದುದರಿಂದ ಬರೆಹಗಳ ಸಂಖ್ಯೆಯೊಂದರಿಂದಲೇ ಸಮುದಾಯದ ಯಶಸ್ಸನ್ನು ಅಳೆಯಲಾಗದು.

ಭಾರತದಲ್ಲಿ

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಅಧ್ಯಾಪಕರ ತರಬೇತಿಗಾಗಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ಆರಂಭಿಸಿತು. ಮುಂದೆ ಇವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳೆಂದೂ, 2023ರಲ್ಲಿ ಮಾಳವೀಯ ಮಿಷನ್ ಶಿಕ್ಷಕರ ತರಬೇತಿ ಕೇಂದ್ರಗಳೆಂದೂ ಹೆಸರು ಪಡೆದವು. ಇವುಗಳ ಓರಿಯೆಂಟೇಶನ್ ಮತ್ತು ರಿಫ್ರೆಶರ್ ಕೋರ್ಸುಗಳು ಅವಧಿ ಮುಗಿದೊಡನೆ ಕೊನೆಗೊಳ್ಳುತ್ತವೆ; ಅಲ್ಲಿ ಬೆಳೆದ ಸಂಪರ್ಕವನ್ನು ಮುಂದುವರಿಸಲು ಆನ್‌ಲೈನ್ ಸಮುದಾಯ ನೆರವಾಗಬಲ್ಲದು.

ಕರ್ನಾಟಕದಲ್ಲಿ ಸರ್ಕಾರಿ ಪ್ರೌಢಶಾಲೆಗಳ ಮಟ್ಟದಲ್ಲಿ ಇದಕ್ಕೆ ಹತ್ತಿರವಾದ ಉದಾಹರಣೆಯಿದೆ. 2010ರ ದಶಕದಲ್ಲಿ ಶಿಕ್ಷಣ ಇಲಾಖೆ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಯೋಗದಲ್ಲಿ ವಿಷಯ ಶಿಕ್ಷಕರ ವೇದಿಕೆ ರೂಪುಗೊಂಡಿತು. ಶಿಕ್ಷಕರು ಪಾಠ ಸಾಮಗ್ರಿಗಳನ್ನು ಸಿದ್ಧಪಡಿಸಿ ಹಂಚಿಕೊಳ್ಳುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣವೂ ಈ ಸಹಯೋಗದ ಫಲ.

ಮಿತಿಗಳು

ಅಧ್ಯಾಪಕರ ಬಡ್ತಿಗೆ ತರಬೇತಿ ಪ್ರಮಾಣಪತ್ರಗಳು ಅಗತ್ಯವಾಗಿರುವುದರಿಂದ ಕಲಿಕೆಗಿಂತ ಹಾಜರಾತಿ ಮುಖ್ಯವಾಗುವ ಅಪಾಯವಿದೆ. ಸಮುದಾಯದಲ್ಲಿ ಆಡಿದ ಮಾತು ಮೌಲ್ಯಮಾಪನಕ್ಕೆ ಬಳಕೆಯಾಗಬಹುದೆಂಬ ಅನುಮಾನ ಬಂದರೆ ಸದಸ್ಯರು ತಮ್ಮ ತೊಂದರೆಗಳನ್ನು ಮುಚ್ಚಿಟ್ಟು ಸಾಧನೆಗಳನ್ನಷ್ಟೇ ಹೇಳತೊಡಗುತ್ತಾರೆ. ಅತಿಥಿ ಉಪನ್ಯಾಸಕರಂತಹ ಸೇವಾಭದ್ರತೆಯಿಲ್ಲದವರಿಗೆ ಈ ಅಂಜಿಕೆ ಇನ್ನೂ ಹೆಚ್ಚು. ಬೋಧನೆಯ ಹೊರೆ, ಸಮಯದ ಅಭಾವ ಮತ್ತು ದುರ್ಬಲ ಅಂತರಜಾಲ ಸಂಪರ್ಕ ಇತರ ತೊಡಕುಗಳು.

ನಿರಂತರ ನಿರ್ವಹಣೆಯೂ ಒಂದು ಸವಾಲು. ಅಮೆರಿಕದ ಎಸ್‌ಆರ್‌ಐ ಇಂಟರ್‌ನ್ಯಾಷನಲ್ ಸಂಸ್ಥೆಯು 1997ರಲ್ಲಿ ಆರಂಭಿಸಿದ ಟ್ಯಾಪ್ಡ್ ಇನ್ ಎಂಬ ಶಿಕ್ಷಕರ ಆನ್‌ಲೈನ್ ಸಮುದಾಯವು 2013ರಲ್ಲಿ ಮುಚ್ಚಿತು. ತಾಣ ಮುಚ್ಚಿದಾಗ ಸದಸ್ಯರು ಒಂದೆಡೆ ಸೇರುವ ನೆಲೆಯೂ ಇಲ್ಲವಾಗುತ್ತದೆ. ಆದುದರಿಂದ ಸಂಯೋಜನೆಯ ಹೊಣೆಯನ್ನು ಒಬ್ಬ ವ್ಯಕ್ತಿ ಅಥವಾ ಒಂದು ಯೋಜನೆಗೆ ಸೀಮಿತಗೊಳಿಸದೆ ಸದಸ್ಯರಲ್ಲಿ ಹಂಚುವುದು ಅವಶ್ಯಕ.