ಓದುವ ಹುಡುಗರೂ ವಿದ್ಯಾಲಯದ ಗಣಕಗಳೂ

ಗದಗಿನ ಹೊರವಲಯದಲ್ಲಿ ನಾಗಾವಿ ಎಂಬ ಊರಿದೆ. 2016ರ ಕಾಯಿದೆಯಿಂದ ಹುಟ್ಟಿದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಆವರಣವಿರುವುದು ಅಲ್ಲಿಯೇ. ಇದೇ ಹೆಸರಿನ ಇನ್ನೊಂದು ಊರು ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ ಇದೆ. ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳ್ವಿಕೆಯಲ್ಲಿ ಆ ನಾಗಾವಿಯೂ ವಿದ್ಯೆಯ ನೆಲೆಯಾಗಿತ್ತು. 1058ರ ಶಾಸನವೊಂದು ಅಲ್ಲಿಯ ಘಟಿಕಾಸ್ಥಾನದ ಲೆಕ್ಕವನ್ನು ಕಲ್ಲಿನಲ್ಲಿ ಬರೆದಿಟ್ಟಿದೆ. ವೇದ ಓದುವ ವಿದ್ಯಾರ್ಥಿಗಳೇ ಇನ್ನೂರು. ಅವರಿಗೆ ಕಲಿಸುವ ಉಪಾಧ್ಯಾಯರು ಇಷ್ಟು ಮಂದಿ, ಶಾಸ್ತ್ರ ಹೇಳುವವರು ಇಷ್ಟು ಮಂದಿ ಎಂದು ಎಣಿಸುತ್ತ ಹೋಗುವ ಆ ಶಾಸನ ಕೊನೆಗೆ ಆರು ಜನ ಸರಸ್ವತೀ ಭಂಡಾರಿಗರನ್ನೂ ಎಣಿಸುತ್ತದೆ. ಪುಸ್ತಕಗಳನ್ನು ಕಾಯುವ, ಜೋಡಿಸುವ, ಕೇಳಿದವರಿಗೆ ತೆಗೆದುಕೊಡುವ ಈ ಮಂದಿಗೂ ಜೀವನೋಪಾಯಕ್ಕೆ ಭೂಮಿ ನಿಗದಿಯಾಗಿತ್ತು.

ಗುರು ಮತ್ತು ಶಿಷ್ಯ ಇಬ್ಬರೇ ಇದ್ದರೆ ವಿದ್ಯಾಲಯವಾಗುವುದಿಲ್ಲ, ನಡುವೆ ಮೂರನೆಯವನೊಬ್ಬ ಬೇಕು ಎಂಬ ತಿಳಿವಳಿಕೆ ಸಾವಿರ ವರ್ಷಗಳ ಹಿಂದೆಯೇ ನಮ್ಮ ನಾಡಿನಲ್ಲಿತ್ತು. ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಈ ಭಾಗದ ಕಾಲೇಜೊಂದರಲ್ಲಿ ಆ ಮೂರನೆಯವನಾಗಿ, ಎಂದರೆ ಗ್ರಂಥಪಾಲಕನಾಗಿ ದುಡಿದವನು. ಇಂದು ಆ ಜಾಗಕ್ಕೆ ಗಣಕ ಬಲ್ಲವನೊಬ್ಬ ಬಂದು ನಿಂತಿದ್ದಾನೆ. ಹಲವು ದೇಶಗಳಲ್ಲಿ ಆತ ಅದೇ ವಿದ್ಯಾಲಯದ ವಿದ್ಯಾರ್ಥಿಯಾಗಿರುವುದೂ ಉಂಟು. ಈ ಹೊಸ ಉದ್ಯೋಗದ ವಿಷಯ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ತಂದೆತಾಯಿಗಳಿಗೆ ಅಷ್ಟಾಗಿ ತಿಳಿದಿಲ್ಲ. ಗಣಕ ಕಲಿತ ಹುಡುಗನೆಂದರೆ ಬೆಂಗಳೂರಿನ ರಾತ್ರಿ ಬಸ್ಸು ಹತ್ತಬೇಕಾದವನು ಎಂದೇ ಅವರ ಎಣಿಕೆ.

ಓದುತ್ತ ದುಡಿಯುವುದು ನಮಗೆ ಹೊಸದಲ್ಲ. ವಾರಾನ್ನದ ಹುಡುಗರು ಉಂಡ ಮನೆಯ ನೀರು ಸೇದಿ, ಆ ಮನೆಯ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ಋಣ ತೀರಿಸುತ್ತಿದ್ದರು. ಗಡಿಯಾಚೆ ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ ಹುಟ್ಟಿದ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, ದುಡಿಮೆಯನ್ನು ಋಣದ ಲೆಕ್ಕದಿಂದ ಬಿಡಿಸಿ ಹಕ್ಕಿನ ಲೆಕ್ಕಕ್ಕೆ ತಂದರು. ದುಡಿದು ಕಲಿಯುವ ಅವರ ಯೋಜನೆ ಮುಂದೆ ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳಿಗೂ ಹಬ್ಬಿತು. ಅಮೇರಿಕದಲ್ಲಿ ಇಂಥದೇ ವಿಚಾರ 1964ರಲ್ಲಿ ಕಾನೂನಾಯಿತು. ಬಡ ವಿದ್ಯಾರ್ಥಿ ತನ್ನ ಕಾಲೇಜಿನಲ್ಲಿಯೇ ಗಂಟೆಯ ಲೆಕ್ಕದಲ್ಲಿ ದುಡಿದರೆ ಅವನ ಕೂಲಿಯ ಬಹುಪಾಲನ್ನು ಕೇಂದ್ರ ಸರಕಾರ ಭರಿಸುವ ಏರ್ಪಾಡು ಅದು. ಹೊರದೇಶದಿಂದ ಹೋದವರಿಗೆ ಈ ನೆರವು ಸಲ್ಲದಿದ್ದರೂ, ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆಯವರೆಗೆ ಆವರಣದೊಳಗೆ ದುಡಿಯಲು ಅವರಿಗೂ ಅವಕಾಶವಿದೆ. ನಮ್ಮ ಕಡೆಯ ಎಷ್ಟೋ ಮಕ್ಕಳು ಅಲ್ಲಿಯ ಊಟದ ಮನೆಯಲ್ಲಿ ತಟ್ಟೆ ತೊಳೆದು, ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಿ, ಪ್ರಯೋಗಾಲಯಕ್ಕೆ ಪ್ರೋಗ್ರಾಮು ಬರೆದು ಪದವಿ ಮುಗಿಸಿದ್ದಾರೆ. ಮಗ ಅಲ್ಲಿ ತಟ್ಟೆ ತೊಳೆದದ್ದನ್ನು ಹೆಮ್ಮೆಯಿಂದ ಹೇಳುವ ತಂದೆಯೇ, ಇಲ್ಲಿ ಮಗಳು ಕಾಲೇಜಿನ ಗ್ರಂಥಾಲಯದಲ್ಲಿ ಎರಡು ತಾಸು ದುಡಿಯುತ್ತೇನೆಂದರೆ ಮುಖ ಸಿಂಡರಿಸುತ್ತಾನೆ. ಇರಲಿ.

ವಿದ್ಯಾರ್ಥಿಗಳು ಬರೆಯುವ ಪ್ರೋಗ್ರಾಮು ಎಳಸಾಗಿರುತ್ತದೆ ಎನ್ನುವವರು ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್‌ನನ್ನು ನೆನೆಯಬಹುದು. 1991ರಲ್ಲಿ ಆತ ಲಿನಕ್ಸನ್ನು ಬರೆಯತೊಡಗಿದಾಗ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, ವಯಸ್ಸು ಇಪ್ಪತ್ತೊಂದು. ಮುಂದೆ ಅದೇ ವಿಭಾಗದಲ್ಲಿ ಸಹಾಯಕನ ಕೆಲಸ ದೊರೆಯಿತು, ಲಿನಕ್ಸಿನ ಕೆಲಸಕ್ಕೆ ಬಿಡುವೂ ದೊರೆಯಿತು. ಇಂದು ಜಗತ್ತಿನ ಅಸಂಖ್ಯ ಗಣಕಗಳ ತಳಹದಿಯಲ್ಲಿರುವುದು ಅದೇ ಲಿನಕ್ಸು. ಆ ಬಿಡುವಿನ ಬೆಲೆಯನ್ನು ಯಾವ ಲೆಕ್ಕಪತ್ರದಲ್ಲಿ ಬರೆಯೋಣ?

ನನ್ನ ಅನುಭವ ಇಷ್ಟು ದೊಡ್ಡದಲ್ಲ. ಆದರೆ ವಿಷಯ ನನಗೆ ಅರ್ಥವಾದದ್ದು ಅದರಿಂದಲೇ. ನಮ್ಮ ಗ್ರಂಥಾಲಯದ ಸುಮಾರು 11,000 ಕನ್ನಡ ಪುಸ್ತಕಗಳ ಪಟ್ಟಿಯನ್ನು ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಸಿಟ್ಟಿದ್ದೆವು. ಪರದೆಯ ಮೇಲೆ ನೋಡಿದರೆ ಅಂದವಾದ ಕನ್ನಡ. ಒಂದು ದಿನ ಅದನ್ನು ಅಕಾರಾದಿಯಾಗಿ ಜೋಡಿಸು ಎಂದು ಗಣಕಕ್ಕೆ ಆಜ್ಞೆ ಮಾಡಿದೆ. ರನ್ನ ಪಂಪನಿಗಿಂತ ಮುಂದೆ ಬಂದು ನಿಂತ! ಸಾಹಿತ್ಯ ಚರಿತ್ರೆ ಓದಿದ ನನಗೆ ಆದ ಕಳವಳವನ್ನು ಏನೆಂದು ಹೇಳಲಿ.

ಶಿರಹಟ್ಟಿಯ ಆಚೆಯ ಹಳ್ಳಿಯಿಂದ ದಿನವೂ ಬಸ್ಸಿಗೆ ಬರುತ್ತಿದ್ದ, ಗಣಕ ವಿಜ್ಞಾನ ಓದುತ್ತಿದ್ದ ಹುಡುಗನೊಬ್ಬ ಇದರ ಗುಟ್ಟನ್ನು ಬಿಡಿಸಿ ಹೇಳಿದ. ಆ ಹಳೆಯ ವಿಧಾನದಲ್ಲಿ ಯಂತ್ರದೊಳಗೆ ಕನ್ನಡವೇ ಇರುವುದಿಲ್ಲ. ಇಂಗ್ಲಿಷ್ ಮತ್ತು ಇತರ ಲಿಪಿಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಕಕಾರದ ಕೆಳಗೆ ಇಂಗ್ಲಿಷಿನ ಪಿ ಅಡಗಿರುತ್ತದೆ, ರಕಾರದ ಕೆಳಗೆ ಚಿಕ್ಕ ಜಿ. ಪಕಾರದ ಕೆಳಗೆ ಇರುವುದು ಇಂಗ್ಲಿಷ್ ವರ್ಣಮಾಲೆಯೆಲ್ಲ ಮುಗಿದ ಮೇಲೆ ಬರುವ ಚಿಹ್ನೆ, ಜಪಾನಿನ ಯೆನ್ ನಾಣ್ಯದ ಗುರುತು. ಯಂತ್ರ ತನ್ನ ವರ್ಣಮಾಲೆಯಂತೆ ಸರಿಯಾಗಿಯೇ ಜೋಡಿಸಿತ್ತು. ಇದಕ್ಕೆ ಪರಿಹಾರ ಯುನಿಕೋಡು. ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆಯನ್ನು ಕೊಡುವ ಈ ವ್ಯವಸ್ಥೆಯಲ್ಲಿ 1991ರಿಂದಲೂ ಕನ್ನಡಕ್ಕೆ ತನ್ನದೇ ಜಾಗವಿದೆ.

ಆ ಹುಡುಗ ಒಂದು ಮಳೆಗಾಲವಿಡೀ ಕೂತು ಪಟ್ಟಿಯನ್ನು ಯುನಿಕೋಡಿಗೆ ಪರಿವರ್ತಿಸುವ ಪ್ರೋಗ್ರಾಮು ಬರೆದ. ಒತ್ತಕ್ಷರಗಳು ಅವನನ್ನು ಬಹಳ ಕಾಡಿದವು. ಅರ್ಕಾವೊತ್ತಿನ ಕಾಟವನ್ನಂತೂ ಕೇಳಬೇಡಿ. ನಾವು ಬರೆಯುವಾಗ ಅದು ಅಕ್ಷರದ ನಂತರ ಬರುತ್ತದೆ, ಉಚ್ಚರಿಸುವಾಗ ಮೊದಲು. ಹಳೆಯ ವಿಧಾನ ಕಣ್ಣಿಗೆ ಕಾಣುವ ಕ್ರಮವನ್ನು ಹಿಡಿದರೆ ಯುನಿಕೋಡು ಉಚ್ಚಾರದ ಕ್ರಮವನ್ನು ಹಿಡಿಯುತ್ತದೆ. ಎಲ್ಲ ಮುಗಿಯಿತೆಂದಾಗ ಇನ್ನೊಂದು ತೊಡಕು ತಲೆಯೆತ್ತಿತು. ಯುನಿಕೋಡಿನ ಸಂಖ್ಯೆಗಳಲ್ಲಿ ಳಕಾರ ಲಕಾರದ ಬೆನ್ನಿಗೇ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಅದರ ಸ್ಥಾನ ಹಕಾರದ ಆಚೆ. ಬರಿಯ ಗಣಕ ಬಲ್ಲವನಿಗೆ ಇದು ತಪ್ಪೆಂದು ಹೊಳೆಯುವುದೇ ಇಲ್ಲ. ಈ ಕೆಲಸಕ್ಕೆ ಗಣಕವೂ ಬೇಕು, ಒಂದನೆಯ ಇಯತ್ತೆಯ ಮಾಸ್ತರರು ಕಲಿಸಿದ ಅಕ್ಷರಮಾಲೆಯೂ ಬೇಕು.

"ಸರ, ಇದಕ್ಕ ಏನರ ಪಗಾರ ಕೊಡತಾರೇನ್ರಿ?" ಎಂದು ಒಂದು ಸಂಜೆ ಆತ ಕೇಳಿದ. ತಂದೆಯದು ಮಳೆಯಾಶ್ರಯದ ನಾಲ್ಕು ಎಕರೆ, ಆ ವರ್ಷ ಶೇಂಗಾ ಕೈಕೊಟ್ಟಿತ್ತು. ನಾನು ಕಚೇರಿಗೆ ಟಿಪ್ಪಣಿ ಬರೆದೆ. ಹಳೆಯ ಪುಸ್ತಕಗಳ ರಟ್ಟು ಕಟ್ಟಿಸಲು ಹಣವಿದೆ, ಕಪಾಟಿಗೆ ಬಣ್ಣ ಬಳಿಸಲು ಹಣವಿದೆ, ಆದರೆ ವಿದ್ಯಾರ್ಥಿಗೆ ಕೂಲಿ ಕೊಡಲು ಲೆಕ್ಕಶೀರ್ಷಿಕೆ ಇಲ್ಲ ಎಂದು ಉತ್ತರ ಬಂದಿತು. ಪ್ರಶಸ್ತಿಪತ್ರ ಕೊಡಬಹುದಂತೆ. ಕೊಟ್ಟರು. ಹುಡುಗ ಪದವಿ ಮುಗಿಸಿ ಬೆಂಗಳೂರಿಗೆ ಹೋದ. ಎರಡು ವರ್ಷಗಳ ಮೇಲೆ ಕಾಲೇಜಿನವರು ಗಣಕವನ್ನು ಬದಲಿಸಿದರು, ಪ್ರೋಗ್ರಾಮು ನಿಂತುಹೋಯಿತು. ಅದರೊಳಗೆ ಏನು ಬರೆದಿದೆಯೆಂದು ತಿಳಿದವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ತಪ್ಪು ನನ್ನದೂ ಹೌದು. ಪುಸ್ತಕಕ್ಕೆ ನೂರು ಮೊಹರು ಒತ್ತುವ ನಾನು, ಅವನು ಬರೆದದ್ದರ ವಿವರಣೆಯೊಂದನ್ನು ಬರೆಸಿಟ್ಟುಕೊಳ್ಳಲಿಲ್ಲ.

ವಿದ್ಯಾರ್ಥಿ ಬರೆಯಬಲ್ಲ, ಆದರೆ ಉಳಿಯಲಾರ. ಆದಕಾರಣ ಅವನ ಹಿಂದೆ ಉಳಿಯುವವನೊಬ್ಬ ಬೇಕು. ಹೊರದೇಶದ ವಿಶ್ವವಿದ್ಯಾಲಯಗಳು ಈ ಪಾಠವನ್ನು ಪೆಟ್ಟು ತಿಂದೇ ಕಲಿತವು. ಸಂಶೋಧಕರ ಪ್ರೋಗ್ರಾಮುಗಳನ್ನು ಬರೆದು ಕಾಪಾಡುವವರಿಗೆ ಹುದ್ದೆಯ ಹೆಸರೇ ಇಲ್ಲವೆಂದು ಇಂಗ್ಲೆಂಡಿನಲ್ಲಿ ಕೆಲವರು 2012ರಲ್ಲಿ ಕೂಡಿ ಚರ್ಚಿಸಿ, ಸಂಶೋಧನಾ ತಂತ್ರಾಂಶದ ಇಂಜಿನಿಯರು ಎಂಬ ಹೆಸರನ್ನು ಬಳಕೆಗೆ ತಂದರು. ಹೆಸರಿನ ಬೆನ್ನಿಗೆ ಹುದ್ದೆಗಳು ಬಂದವು. ನಮ್ಮ ವಿಶ್ವವಿದ್ಯಾಲಯಗಳಲ್ಲಿಯೂ ಪ್ರೋಗ್ರಾಮರು, ಸಿಸ್ಟಂ ಅನಲಿಸ್ಟು, ಪ್ರಯೋಗಾಲಯದ ಇನ್‌ಸ್ಟ್ರಕ್ಟರು ಎಂಬ ಹುದ್ದೆಗಳು ಇಲ್ಲದಿಲ್ಲ. ಕಾಯಂ ಆದವು ಕಡಿಮೆ, ಗುತ್ತಿಗೆಯವು ಹೆಚ್ಚು. ಬೆಂಗಳೂರಿನ ಕಂಪನಿಗಳ ಸಂಬಳವನ್ನು ಇಲ್ಲಿ ಯಾರೂ ನಿರೀಕ್ಷಿಸಬಾರದು.

ಆದರೂ ದಾರಿಗಳಿವೆ. ಗೇಟ್ ಪರೀಕ್ಷೆ ಪಾಸಾಗಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿಯ ವಿದ್ಯಾರ್ಥಿವೇತನವಿದೆ. ಅದಕ್ಕೆ ಪ್ರತಿಯಾಗಿ ಐ.ಐ.ಟಿ.ಗಳಲ್ಲಿ ವಾರಕ್ಕೆ ಎಂಟು ತಾಸು ಕಿರಿಯರ ಪ್ರಯೋಗಾಲಯ ನಡೆಸುವ, ಉತ್ತರ ತಿದ್ದುವ ಕೆಲಸ ಮಾಡಬೇಕು. ಮುಂಬಯಿಯ ಐ.ಐ.ಟಿ.ಯ ಫಾಸಿ ಯೋಜನೆಯಲ್ಲಿ, ಪಠ್ಯಪುಸ್ತಕವೊಂದರ ಬಿಡಿಸಿದ ಲೆಕ್ಕಗಳನ್ನು ಸೈಲ್ಯಾಬ್ ಮುಂತಾದ ಮುಕ್ತ ತಂತ್ರಾಂಶಗಳಲ್ಲಿ ಬರೆದುಕೊಟ್ಟ ವಿದ್ಯಾರ್ಥಿಗಳಿಗೆ ಗೌರವಧನ ಕೊಟ್ಟು, ಬರೆದವರ ಹೆಸರಿನೊಡನೆ ಪ್ರಕಟಿಸುವ ಪದ್ಧತಿ ಬೆಳೆದುಬಂದಿದೆ. ಇಂಥ ಕೆಲಸವನ್ನು ಮುಂಡರಗಿಯ ಮನೆಯ ಪಡಸಾಲೆಯಲ್ಲಿ ಕುಳಿತೂ ಮಾಡಬಹುದು. ಬೇಕಾದದ್ದು ಒಂದು ಗಣಕ, ಕಡಿದುಹೋಗದ ವಿದ್ಯುತ್ತು, ಮತ್ತು ಬರೆದದ್ದನ್ನು ತಿದ್ದಿ ಹೇಳುವ ಒಬ್ಬ ಅಧ್ಯಾಪಕ.

ಇಷ್ಟೆಲ್ಲ ಪಟ್ಟಿಯ ಜೋಡಣೆಗಾಗಿಯೇ ಎಂದು ಕೇಳುಗರು ಭಾವಿಸಬಹುದು. ಗದಗಿನವರು ಹಾಗೆ ಭಾವಿಸಬೇಕಾಗಿಲ್ಲ. ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮವಿರುವ ಊರು ಇದು. ಕಣ್ಣಿಲ್ಲದವರು ಸಂಗೀತವನ್ನಷ್ಟೇ ಅಲ್ಲ, ಸಾಹಿತ್ಯವನ್ನೂ ಕರಗತ ಮಾಡಿಕೊಳ್ಳಬಲ್ಲರೆಂಬುದನ್ನು ನಾವು ಯಾರಿಂದಲೂ ಕಲಿಯಬೇಕಾಗಿಲ್ಲ. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವನ್ನು ಆಸ್ಟ್ರೇಲಿಯದ ಮೈಕಲ್ ಕರನ್ ಎಂಬ ಅಂಧ ತರುಣ 2006ರಲ್ಲಿ ಬರೆಯಲಾರಂಭಿಸಿದ. ಅದನ್ನು ಉಚಿತವಾಗಿ ಪಡೆಯಬಹುದು, ಕನ್ನಡವನ್ನೂ ಅದು ಓದುತ್ತದೆ. ಆದರೆ ಒಂದು ಷರತ್ತು. ಕನ್ನಡ ಯುನಿಕೋಡಿನಲ್ಲಿರಬೇಕು. ಹಳೆಯ ಅಕ್ಷರಗಳ ಪಾಠವನ್ನು ಅದರ ಮುಂದಿಟ್ಟರೆ ಪಿ, ಜಿ, ಯೆನ್ ಎಂದು ಅರ್ಥವಿಲ್ಲದ ಗದ್ದಲವನ್ನು ಕೇಳಿಸುತ್ತದೆ. ಅಧ್ಯಾಪಕರು ವರ್ಷಗಟ್ಟಲೆ ಕೂತು ಬೆರಳಚ್ಚು ಮಾಡಿದ ಟಿಪ್ಪಣಿಗಳು, ಪ್ರಶ್ನೆಪತ್ರಿಕೆಗಳು ಎಷ್ಟೋ ಕಡೆ ಇನ್ನೂ ಆ ಹಳೆಯ ರೂಪದಲ್ಲಿಯೇ ಬಿದ್ದಿವೆ. ನೋಡಬಲ್ಲವನಿಗೆ ಅವು ಪಾಠ. ಕೇಳಿಯೇ ಕಲಿಯಬೇಕಾದವನಿಗೆ, ಓದಿ ಹೇಳುವ ಗೆಳೆಯ ಬರುವ ತನಕ, ಮುಚ್ಚಿದ ಕದ. ಆ ಹುಡುಗ ಒಂದು ಮಳೆಗಾಲದಲ್ಲಿ ಬರೆದದ್ದು ಈ ಕದದ ಕೀಲಿಕೈಯಾಗಿತ್ತು ಎಂಬುದು ನನಗೆ ಹೊಳೆದದ್ದು ನಿವೃತ್ತನಾದ ಮೇಲೆ.

ಹೋದ ದೀಪಾವಳಿಗೆ ಆತ ಊರಿಗೆ ಬಂದಿದ್ದ. ಅಪರಾಧಿಯಂತೆ ನಾನು ವಿಷಯವನ್ನೆತ್ತಿದೆ. ಹಳೆಯ ಪ್ರೋಗ್ರಾಮಿನ ಪ್ರತಿ ಅವನ ಬಳಿ ಇತ್ತು. ಎರಡು ದಿನ ಕೂತು ಸರಿಪಡಿಸಿ, ಯಾವ ಭಾಗ ಏನು ಮಾಡುತ್ತದೆಂಬುದನ್ನು ಹನ್ನೆರಡು ಪುಟಗಳಲ್ಲಿ ಕನ್ನಡದಲ್ಲಿಯೇ ಬರೆದುಕೊಟ್ಟ. ಈಗಿನ ಗ್ರಂಥಪಾಲಕರು ನನಗಿಂತ ಜಾಣರು. ಲೆಕ್ಕಶೀರ್ಷಿಕೆಯ ಮಾತನ್ನೇ ಎತ್ತದೆ, ಹಳೆಯ ವಿದ್ಯಾರ್ಥಿಗಳಿಂದ ವಂತಿಗೆ ಕೂಡಿಸಿ ಗಂಟೆಯ ಲೆಕ್ಕದಲ್ಲಿ ಇಬ್ಬರು ಹುಡುಗಿಯರಿಗೆ ಕೆಲಸ ಕೊಟ್ಟಿದ್ದಾರೆ. ಒಬ್ಬಳು ಬೆಟಗೇರಿಯ ನೇಕಾರರ ಮನೆಯವಳು, ಇನ್ನೊಬ್ಬಳು ಲಕ್ಷ್ಮೇಶ್ವರದಿಂದ ಬರುವವಳು. ಪಟ್ಟಿ ಮುಗಿದು ಈಗ ಅಧ್ಯಾಪಕರ ಟಿಪ್ಪಣಿಗಳ ಪರಿವರ್ತನೆ ನಡೆದಿದೆ. ಅರ್ಕಾವೊತ್ತು ಬಗೆಹರಿದಿದೆ. ಳಕಾರವನ್ನು ಹಕಾರದ ಆಚೆ ಕೂರಿಸಿದ ಮೇಲೆ ಹಳಗನ್ನಡದ ಱಕಾರ, ೞಕಾರಗಳನ್ನು ಎಲ್ಲಿ ಕೂರಿಸಬೇಕೆಂದು ಕೇಳಲು ಆ ಲಕ್ಷ್ಮೇಶ್ವರದ ಹುಡುಗಿ ಹೋದ ವಾರ ನಮ್ಮ ಮನೆಗೆ ಬಂದಿದ್ದಳು.