ಬಾವಂಚಿ ಬೀಜಕ್ಕೆ ಬಿಸಿಲು ಬೇಕಿತ್ತು

ಹಾಸನದಲ್ಲಾಗಲಿ ಚನ್ನರಾಯಪಟ್ಟಣದಲ್ಲಾಗಲಿ ಗ್ರಂದಿಗೆ ಅಂಗಡಿಗೆ ಹೋಗಿ ಬಾವಂಚಿ ಬೀಜ ಕೇಳಿ ನೋಡಿ. ಪೊಟ್ಟಣ ಕಟ್ಟುವವರ ಕಣ್ಣು ಒಮ್ಮೆ ನಿಮ್ಮ ಬೆರಳ ತುದಿಗೂ ತುಟಿಗೂ ಹೋಗಿ ಬರುತ್ತದೆ. ಅದು ತೊನ್ನಿನ ಮದ್ದು ಎಂದು ಅವರಿಗೆ ಗೊತ್ತು. ಈಗೀಗ ಮುಖದ ಬಂಗಿಗೆಂದು ಅದೇ ಬೀಜದ ಪುಡಿ ಕೇಳುವವರೂ ಇದ್ದಾರೆ. ಬಿಳಿ ಮಚ್ಚೆಯನ್ನು ಕಪ್ಪಾಗಿಸುವ ಬೀಜ ಕಪ್ಪು ಕಲೆಯನ್ನು ಬಿಳಿಯಾಗಿಸೀತೇ? ಕೇಳಿದ ಕೂಡಲೇ ನಗು ಬರುವಂಥ ಪ್ರಶ್ನೆ. ಆದರೆ ಇದಕ್ಕೆ ಉತ್ತರ ಸಿಗಲು ಬೆಂಗಳೂರು, ವಿಯೆನ್ನಾ, ಕೈರೋ, ಪುಣೆಗಳನ್ನೆಲ್ಲ ಸುತ್ತಿ ಬರಬೇಕಾಯಿತು.

ಬೀಜ ನೋಡಲು ಏನೂ ವಿಶೇಷವಿಲ್ಲ. ಕಪ್ಪು, ಚಪ್ಪಟೆ, ಹುರುಳಿಕಾಳಿಗಿಂತ ಚಿಕ್ಕದು. ಬಾಯಿಗೆ ಹಾಕಿದರೆ ಕಹಿ, ಮೂಗಿಗೆ ಹಿಡಿದರೆ ಘಾಟು. ಗಿಡ ಪಾಳುನೆಲದಲ್ಲಿ, ಹೊಲದ ಬದುವಿನಲ್ಲಿ ಸೊಂಟದೆತ್ತರಕ್ಕೆ ಬೆಳೆಯುತ್ತದೆ, ನೀಲಿ ಬೆರೆತ ನೇರಳೆ ಹೂ ಬಿಡುತ್ತದೆ. ಬೀಜವನ್ನು ಗೋಮೂತ್ರದಲ್ಲಿ ನೆನೆಹಾಕಿ ಶುದ್ಧಿ ಮಾಡಿ, ನುಣ್ಣಗೆ ಅರೆದು ಬಿಳಿ ಮಚ್ಚೆಗೆ ಹಚ್ಚಿ ಎಂದು ವೈದ್ಯರು ಹೇಳುತ್ತಾರೆ. ಆಮೇಲೆ, ಪಥ್ಯ ಹೇಳುವ ದನಿಯಲ್ಲೇ, ಎಳೆಬಿಸಿಲಿಗೆ ಸ್ವಲ್ಪ ಹೊತ್ತು ಕೂರಿ ಅನ್ನುತ್ತಾರೆ. ಕೇಳುವವರಿಗೆ ಮದ್ದೇ ಮುಖ್ಯ, ಬಿಸಿಲು ಕೊಸರು. ಚರಕಸಂಹಿತೆಯಲ್ಲೂ ಶ್ವಿತ್ರಕ್ಕೆ, ಎಂದರೆ ತೊನ್ನಿಗೆ, ಇಂಥದೇ ಒಂದು ಕ್ರಮವಿದೆ. ಕಾಡತ್ತಿಯ ರಸವನ್ನು ಬೆಲ್ಲದೊಂದಿಗೆ ಕುಡಿದು, ಮೈಗೆ ಎಣ್ಣೆ ಹಚ್ಚಿಕೊಂಡು, ತಡೆಯುವಷ್ಟು ಬಿಸಿಲು ಕಾಯಬೇಕು. ಮದ್ದು ಬೇರೆ, ಗಿಡ ಬೇರೆ, ಆದರೂ ಬಿಸಿಲು ಮಾತ್ರ ಅದೇ. ಏಕೆ ಎಂದು ಯಾರೂ ಕೇಳಲಿಲ್ಲವೋ, ಕೇಳಿದರೂ ಉತ್ತರ ಕೊಡುವ ಸಾಧನ ಆಗ ಇರಲಿಲ್ಲವೋ, ಅಂತೂ ಬಿಸಿಲಿನ ಮಾತು ಸೂಚನೆಯಾಗಿ ಉಳಿಯಿತೇ ಹೊರತು ಕಾರಣ ಸಿಗಲಿಲ್ಲ.

1920ರ ದಶಕದಲ್ಲಿ ಕಲ್ಕತ್ತೆಯ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ರಾಮನಾಥ ಚೋಪ್ರಾ ನಾಡಮದ್ದುಗಳನ್ನು ಒಂದೊಂದಾಗಿ ಪ್ರಯೋಗಾಲಯಕ್ಕೆ ತಂದು ಒರೆಗೆ ಹಚ್ಚುತ್ತಿದ್ದರು. ಬಾವಂಚಿಯ ಎಣ್ಣೆಯೂ ಆ ಸಾಲಿನಲ್ಲಿತ್ತು. ಆದರೆ ಎಣ್ಣೆ ಎಂದರೆ ಹತ್ತಾರು ಪದಾರ್ಥಗಳ ಕಲಸುಮೇಲೋಗರ. ಅದರಲ್ಲಿ ಕೆಲಸ ಮಾಡುವುದು ಯಾವುದು? ಅದನ್ನು ಹರಳಾಗಿ ಹೊರಗೆ ತೆಗೆದವರು ನಮ್ಮವರು. ಆಗ ಮೈಸೂರು ವಿಶ್ವವಿದ್ಯಾನಿಲಯದ ವಿಜ್ಞಾನದ ಪಾಠವೆಲ್ಲ ನಡೆಯುತ್ತಿದ್ದುದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಅಲ್ಲಿನ ರಸಾಯನ ವಿಭಾಗದ ಎಚ್.ಎಸ್. ಜೋಯಿಸ್, ಬಿ.ಎಲ್. ಮಂಜುನಾಥ್ ಮತ್ತು ಎಸ್. ವೆಂಕಟರಾವ್ 1933ರಲ್ಲಿ ಇಂಡಿಯನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬಾವಂಚಿ ಬೀಜದ ರಾಸಾಯನಿಕ ಪರೀಕ್ಷೆಯ ವರದಿ ಪ್ರಕಟಿಸಿದರು. ಬೀಜದಿಂದ ಎರಡು ಹರಳುಗಳು ಸಿಕ್ಕಿದ್ದವು. ಒಂದಕ್ಕೆ ಸೋರಾಲೆನ್ ಎಂದು, ಇನ್ನೊಂದಕ್ಕೆ ಐಸೋಸೋರಾಲೆನ್ ಎಂದು ಹೆಸರಾಯಿತು. ಎರಡರಲ್ಲೂ ಇರುವುದು 11 ಇಂಗಾಲ, 6 ಜಲಜನಕ, 3 ಆಮ್ಲಜನಕದ ಪರಮಾಣುಗಳೇ. ಉಂಗುರಗಳು ಕೂಡಿಕೊಂಡ ಬದಿ ಮಾತ್ರ ಬೇರೆ.

ಇಂಥ ಕೆಲಸದಲ್ಲಿ ಕಾಣುವ ಸಾಹಸವೇನೂ ಇಲ್ಲ. ಬೀಜ ಕುಟ್ಟುವುದು, ದ್ರಾವಕದಲ್ಲಿ ಸತ್ವ ಇಳಿಸುವುದು, ಎಣ್ಣೆ ರಾಳಗಳ ಜಿಗುಟನ್ನು ಕಳೆಯುವುದು, ಮತ್ತೆ ಮತ್ತೆ ಕರಗಿಸಿ ಹರಳುಗಟ್ಟಿಸುವುದು, ಕರಗುವ ಉಷ್ಣತೆ ಒಂದೇ ಕಡೆ ನಿಲ್ಲುವವರೆಗೂ ಬಿಡದೆ ಕೂರುವುದು. ಹರಳು ಸಿಕ್ಕಮೇಲೆ ಅದರ ರಚನೆ ಬಿಡಿಸುವುದು ಇನ್ನೊಂದು ಪಾಡು. ಅದಕ್ಕೆ ವಿಯೆನ್ನಾದ ಅರ್ನ್ಸ್ಟ್ ಷ್ಪೇಟ್ ಜೊತೆಯಾದರು. ಮೆಸ್ಕಲಿನ್ ಅನ್ನು 1919ರಲ್ಲಿ ಮೊದಲು ಕೃತಕವಾಗಿ ತಯಾರಿಸಿದವರು ಇವರೇ. 1936ರಲ್ಲಿ ಜರ್ಮನ್ ರಸಾಯನ ಪತ್ರಿಕೆಯಲ್ಲಿ ಷ್ಪೇಟ್, ಮಂಜುನಾಥ್, ಪೈಲರ್, ಜೋಯಿಸ್ ನಾಲ್ವರ ಹೆಸರಿನಲ್ಲಿ ಸೋರಾಲೆನ್ನಿನ ರಚನೆಯೂ ಅದನ್ನು ತಯಾರಿಸುವ ಬಗೆಯೂ ಅಚ್ಚಾಯಿತು. ಅದೇ ಕಾಲಕ್ಕೆ ಅಂಜೂರದ ಎಲೆಯಿಂದ ಫಿಕುಸಿನ್ ಎಂಬ ವಸ್ತುವನ್ನು ಬೇರೆಯವರು ತೆಗೆದಿದ್ದರು. ಅದೂ ಇದೂ ಒಂದೇ ಎಂದು ಗೊತ್ತಾಯಿತು. ಅಂಜೂರವೂ ಕಾಡತ್ತಿಯೂ ಒಂದೇ ಕುಲದ ಗಿಡಗಳು. ಚರಕನ ಬೆಲ್ಲ ಬೆರೆತ ರಸ ಇಲ್ಲಿ ನೆನಪಾದರೆ ತಪ್ಪಿಲ್ಲ.

ಲೋಕದ ಯಾವ ಮೂಲೆಯ ಚರ್ಮವೈದ್ಯರನ್ನು ಕೇಳಿದರೂ ಸೋರಾಲೆನ್ ಗೊತ್ತು. ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜಿನ ಮುಂದೆ ದಿನಾ ಓಡಾಡುವವರಿಗೆ ಜೋಯಿಸರೂ ಗೊತ್ತಿಲ್ಲ, ಮಂಜುನಾಥರೂ ಗೊತ್ತಿಲ್ಲ. ಮಂಜುನಾಥರು ಮುಂದೆ ದೆಹಲಿಗೆ ಹೋಗಿ, 1948ರಿಂದ ಹೊರಬಂದ 'ವೆಲ್ತ್ ಆಫ್ ಇಂಡಿಯಾ' ಎಂಬ ನಮ್ಮ ಕಚ್ಚಾವಸ್ತುಗಳ ಬೃಹತ್ ಕೋಶಕ್ಕೆ ಸಂಪಾದಕರಾದರು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅವರಿಗೊಂದು ಸಾಲು ಸಿಗಬೇಕಿತ್ತು ಎಂದು ನನಗನ್ನಿಸುತ್ತದೆ.

ಹರಳೇನೋ ಶೀಸೆಗೆ ಬಂತು. ಆದರೆ ಕತ್ತಲ ಕೋಣೆಯಲ್ಲಿ ಎಷ್ಟು ಹಚ್ಚಿದರೂ ಅದು ಚರ್ಮದ ಬಣ್ಣ ಬದಲಿಸುವುದಿಲ್ಲ. ಬಿಸಿಲಿನ ನಂಟು ಹೊಳೆದದ್ದು ಬೇರೆ ದಾರಿಯಲ್ಲಿ. 1916ರಲ್ಲಿ ಫ್ರಾಯಿಂಡ್ ಎಂಬ ವೈದ್ಯರು ಕೊಲೋನ್ ಸುಗಂಧ ಪೂಸಿಕೊಂಡು ಬಿಸಿಲಿಗೆ ಹೋದ ಕೆಲವರ ಮೈಮೇಲೆ ಕಪ್ಪು ಕಲೆ ಎದ್ದದ್ದನ್ನು ಕಂಡರು. ಆ ಸುಗಂಧದಲ್ಲಿ ಬರ್ಗಮಾಟ್ ಎಂಬ, ನಿಂಬೆಯ ನೆಂಟನಾದ ಹಣ್ಣಿನ ಸಿಪ್ಪೆಯೆಣ್ಣೆ ಇತ್ತು. 1938ರಲ್ಲಿ ಹಾನ್ಸ್ ಕುಸ್ಕೆ ಆ ಎಣ್ಣೆಯೊಳಗಿನ ಬರ್ಗಾಪ್ಟೆನ್ ಎಂಬ ವಸ್ತುವೇ ಇದಕ್ಕೆಲ್ಲ ಕಾರಣ, ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುವುದು ಅದೇ ಎಂದು ತೋರಿಸಿದರು. ಬರ್ಗಾಪ್ಟೆನ್ ಎಂದರೆ ಸೋರಾಲೆನ್ನಿಗೆ ಒಂದು ಪುಟ್ಟ ಬಾಲ ಸೇರಿದ ರೂಪ. ಈಜಿಪ್ಟಿನಲ್ಲೂ ಇಂಥದೇ ಕತೆ. ನೈಲ್ ದಂಡೆಯ ಅಮ್ಮಿ ಮೇಜಸ್ ಎಂಬ ಕಳೆಯ ಬೀಜವನ್ನು ತಿನ್ನಿಸಿ ಬಿಸಿಲಿಗೆ ಕೂರಿಸಿ ತೊನ್ನಿಗೆ ಮದ್ದು ಮಾಡುವ ಪದ್ಧತಿ ಅರಬರಲ್ಲಿತ್ತು. 13ನೇ ಶತಮಾನದ ಇಬ್ನ್ ಅಲ್ ಬೈತಾರ್ ಅದನ್ನು ಬರೆದಿಟ್ಟಿದ್ದ. 1947ರಲ್ಲಿ ಫಹ್ಮಿ ಮತ್ತವರ ಜೊತೆಗಾರರು ಆ ಬೀಜದ ಸತ್ವ ತೆಗೆದರು, 1948ರಲ್ಲಿ ಕೈರೋದ ಅಬ್ದೆಲ್ ಮೊನೆಮ್ ಎಲ್ ಮೊಫ್ತಿ ಅದನ್ನು ರೋಗಿಗಳಿಗೆ ಕೊಟ್ಟ ವರದಿ ಪ್ರಕಟಿಸಿದರು. ಅಲ್ಲಿ ಸಿಕ್ಕಿದ್ದೂ ಸೋರಾಲೆನ್ ಮನೆತನದ್ದೇ.

ಈಗ ಕಾರಣ ಗೊತ್ತು. ಸೋರಾಲೆನ್ ಜೀವಕೋಶದೊಳಗೆ ಹೋಗಿ ಡಿಎನ್‌ಎ ಎಂಬ ಏಣಿಯ ಮೆಟ್ಟಿಲುಗಳ ನಡುವೆ ಸುಮ್ಮನೆ ತೂರಿಕೊಂಡು ಕೂರುತ್ತದೆ. ಬಿಸಿಲಿನ ನೇರಳಾತೀತ ಎ ಕಿರಣ ಬಿದ್ದ ಗಳಿಗೆಯಲ್ಲಿ ಎರಡೂ ಕಡೆ ಬೆಸೆದುಕೊಳ್ಳುತ್ತದೆ. ಇದು ಚರ್ಮಕ್ಕೆ ಪೆಟ್ಟೇ. ಆ ಪೆಟ್ಟಿಗೆ ಎಚ್ಚೆತ್ತ ಬಣ್ಣದ ಕೋಶಗಳು ಹೆಚ್ಚಿ, ಹರಡಿ, ಮೆಲನಿನ್ ತಯಾರಿಸುತ್ತವೆ. ತೊನ್ನಿನ ಮಚ್ಚೆಯಲ್ಲಿ ಬಣ್ಣ ಮರಳುವಾಗ ಮೊದಲು ಕೂದಲ ಬುಡದ ಸುತ್ತ ಚುಕ್ಕೆ ಚುಕ್ಕೆಯಾಗಿ ಕಾಣುವುದು ಇದಕ್ಕೇ, ಉಳಿದ ಬಣ್ಣದ ಕೋಶಗಳು ಅಡಗಿರುವುದು ಅಲ್ಲಿ. ಕೂದಲಿಲ್ಲದ ತುಟಿ, ಬೆರಳ ತುದಿಗಳಲ್ಲಿ ಮದ್ದು ಸೋಲುವುದೂ ಇದಕ್ಕೇ. 1974ರಲ್ಲಿ ಬಾಸ್ಟನ್ನಿನ ಪ್ಯಾರಿಷ್, ಫಿಟ್ಸ್‌ಪ್ಯಾಟ್ರಿಕ್, ಟಾನೆನ್‌ಬಾಮ್ ಮತ್ತು ಭಾರತೀಯ ಮೂಲದ ಮಧು ಪಾಠಕ್ ಈ ಜೋಡಿಯನ್ನು ಅಳತೆಗೆ ತಂದರು. ಇಷ್ಟು ಮಾತ್ರೆ, ಇಷ್ಟು ಹೊತ್ತಿನ ನಂತರ ಇಷ್ಟು ಬೆಳಕು. ಮೊದಲು ಸೋರಿಯಾಸಿಸ್‌ಗೆ ಬಂದ ಈ ಚಿಕಿತ್ಸೆಯೇ ಪೂವಾ.

ಮನೆಯಲ್ಲಿ ಇಲ್ಲದ್ದು ಆ ಅಳತೆ. ಬೀಜ ಬೀಜಕ್ಕೂ ಸತ್ವ ಬೇರೆ, ಎಂಟು ಗಂಟೆಯ ಬಿಸಿಲೇ ಬೇರೆ, ಹನ್ನೊಂದರ ಬಿಸಿಲೇ ಬೇರೆ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಗಾಳಿ ತಂಪು, ಬಿಸಿಲು ಚುರುಕೆನಿಸುವುದಿಲ್ಲ, ಹಾಗೆಂದು ಕಿರಣಗಳೇನೂ ಕಡಿಮೆಯಾಗುವುದಿಲ್ಲ. ಲೇಪ ಹಚ್ಚಿ ಕೂತವರಿಗೆ ಆ ಹೊತ್ತಿಗೆ ಏನೂ ಆಗದೆ, ಒಂದೆರಡು ದಿನ ಬಿಟ್ಟು ಬೊಬ್ಬೆ ಏಳುತ್ತದೆ. ಹೊಟ್ಟೆಗೆ ತೆಗೆದುಕೊಂಡು ಯಕೃತ್ತು ಕೆಟ್ಟ ಪ್ರಕರಣಗಳೂ ವೈದ್ಯ ಪತ್ರಿಕೆಗಳಲ್ಲಿವೆ. 1997ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವೆಸ್ಟರ್‌ಹೋಫ್ ತಂಡ 311 ನ್ಯಾನೋಮೀಟರಿನ ಕಿರಣವೊಂದನ್ನೇ, ಸೋರಾಲೆನ್ನಿನ ಹಂಗಿಲ್ಲದೆ, ತೊನ್ನಿಗೆ ಬಳಸಿ ಒಳ್ಳೆಯ ಫಲ ಕಂಡಿತು. ಇಂದು ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕೊಡುವುದು ಅದನ್ನೇ. ಮದ್ದೆಂದು ನಂಬಿದ್ದ ಬೀಜ ಹಿಂದೆ ಸರಿದು, ಕೊಸರು ಎಂದುಕೊಂಡಿದ್ದ ಬಿಸಿಲಿನ ಒಂದು ಎಳೆ ಉಳಿದುಕೊಂಡಿತು. ತೊನ್ನು ಅಂಟುವುದಿಲ್ಲ, ಕುಷ್ಠಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬುದನ್ನು ನಮ್ಮ ಮದುವೆ ಮಾತುಕತೆಗಳ ಚಾವಡಿಯಲ್ಲಿ ಇನ್ನೂ ಕೂಗಿ ಹೇಳಬೇಕಾಗಿದೆ.

ಇನ್ನು ಬಂಗು. ಅರಕಲಗೂಡಿನ ಹೊಗೆಸೊಪ್ಪಿನ ಹೊಲ, ಚನ್ನರಾಯಪಟ್ಟಣದ ರಾಗಿ ಹೊಲ, ಹೊಳೆನರಸೀಪುರದ ಹೇಮಾವತಿ ನಾಲೆಯ ಗದ್ದೆ, ಎಲ್ಲಿ ನೋಡಿದರೂ ಬಗ್ಗಿ ದುಡಿಯುವ ಹೆಂಗಸರ ಕೆನ್ನೆ, ಹಣೆಯ ಮೇಲೆ ಈ ಕಂದು ನೆರಳು ಇರುತ್ತದೆ. ಬಸುರಿನಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವಾಗ ಹೆಚ್ಚುತ್ತದೆ, ಬಿಸಿಲಿಗೆ ಗಾಢವಾಗುತ್ತದೆ. ಬಸುರಿನ ಬಂಗು ಎಷ್ಟೋ ಸಲ ಹೆರಿಗೆಯಾದ ಕೆಲವು ತಿಂಗಳಿಗೆ ತಾನಾಗಿ ತಿಳಿಯಾಗುತ್ತದೆ. ಆಗ ಮನೆಯಲ್ಲಿ ಯಾವ ಲೇಪ ನಡೆಯುತ್ತಿತ್ತೋ ಅದಕ್ಕೆ ಹೆಸರು ಬರುತ್ತದೆ. "ನಮ್ಮತ್ತೆ ಹೇಳಿದ್ದನ್ನು ಹಚ್ಚಿದೆ ಕಣೇ, ಹೋಗೇ ಬಿಡ್ತು" ಎಂಬ ಮಾತು ಸುಳ್ಳೇನಲ್ಲ. ಆದರೆ ಹಚ್ಚದಿದ್ದರೂ ಹೋಗುತ್ತಿತ್ತೇನೋ.

ಮನೆಮದ್ದುಗಳಲ್ಲಿ ಮೊದಲ ಮಣೆ ನಿಂಬೆಹಣ್ಣಿಗೆ. ಹೋಳು ಮಾಡಿ, ಸಿಪ್ಪೆ ಸಮೇತ ಕೆನ್ನೆಗೆ ಉಜ್ಜುತ್ತಾರೆ. ಹುಳಿ ಕಲೆಯನ್ನು ಕೀಳುತ್ತದೆ ಎಂದು ನಂಬಿಕೆ, ತಾಮ್ರದ ಚೊಂಬಿನಲ್ಲಿ ಕಣ್ಣಾರೆ ಕಂಡದ್ದು ತಾನೇ. ಆದರೆ ನಿಂಬೆಯ ಸಿಪ್ಪೆಯಲ್ಲಿ ಬರ್ಗಾಪ್ಟೆನ್ ಇದೆ, ರಸಕ್ಕಿಂತ ಹೆಚ್ಚಾಗಿಯೇ ಇದೆ. ಕೊಲೋನ್ ಪೂಸಿಕೊಂಡವರಿಗೆ ಕಲೆ ತಂದದ್ದೂ ಅದೇ, ಬಾವಂಚಿಯ ಹರಳಿನ ದಾಯಾದಿಯೂ ಅದೇ. ನಿಂಬೆ ಉಜ್ಜಿ ಸರಿಯಾಗಿ ತೊಳೆಯದೆ ಹೊಲಕ್ಕೆ ಹೋದರೆ, ತೊನ್ನಿಗೆ ಬಣ್ಣ ತರಲು ವೈದ್ಯರು ಏನು ಮಾಡುತ್ತಾರೋ ಅದನ್ನೇ ಬಂಗಿನ ಮೇಲೆ ಮಾಡಿದಂತೆ. ಉರಿ ಅಂದೇ ಕಾಣುವುದಿಲ್ಲ, ಮಾರನೆಯ ದಿನವೋ ಅದರಾಚೆಗೋ ಕೆಂಪಾಗುತ್ತದೆ, ಆಮೇಲೆ ಕಪ್ಪಾಗಿ ತಿಂಗಳುಗಟ್ಟಲೆ ನಿಲ್ಲುತ್ತದೆ. ನಡುವೆ ಇಷ್ಟು ದಿನ ಕಳೆದಿರುವುದರಿಂದ ನಿಂಬೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಬಂಗು ಜಾಸ್ತಿಯಾಯಿತೆಂದು ಇನ್ನಷ್ಟು ನಿಂಬೆ ಉಜ್ಜುತ್ತಾರೆ.

ಹಾಸನ ಆಲೂಗೆಡ್ಡೆಯ ಸೀಮೆ, ಹಾಗಾಗಿ ಅದರ ರಸವೂ ಮುಖಕ್ಕೆ ಬರುತ್ತದೆ. ಹೆಚ್ಚಿಟ್ಟ ಆಲೂಗೆಡ್ಡೆ ಕಪ್ಪಾಗುವುದನ್ನು ನೋಡಿದ್ದೀರಲ್ಲ? ಅದನ್ನು ಮಾಡುವ ಕಿಣ್ವವೂ ನಮ್ಮ ಚರ್ಮದಲ್ಲಿ ಮೆಲನಿನ್ ತಯಾರಿಸುವ ಟೈರೋಸಿನೇಸ್ ಎಂಬ ಕಿಣ್ವವೂ ಒಂದೇ ಬಳಗ. ರಸ ಹಚ್ಚಿದ್ದರಿಂದ ಕೆಡುಕಾಗುತ್ತದೆ ಎಂದಲ್ಲ, ಆದರೆ ಬಣ್ಣ ತೆಗೆಯಲು ಹುಡುಕಿದ ವಸ್ತು ತಮಾಷೆಯದು. ಟೈರೋಸಿನೇಸನ್ನು ನಿಜವಾಗಿ ತಡೆಯುವ ಒಂದು ಸಹಜ ವಸ್ತು ಸಿಕ್ಕಿದ್ದು ಚಿಬ್ಬಿನಲ್ಲಿ. ಬೆವರುವ ಕಾಲದಲ್ಲಿ ಬೆನ್ನು, ಕುತ್ತಿಗೆಗೆ ಬರುವ ಚಿಬ್ಬು ಏಕೆ ಬೆಳ್ಳಗೆ ಕಾಣುತ್ತದೆ ಎಂದು ಹುಡುಕಿದ ರೋಮ್‌ನ ಮಾರ್ಚೆಲ್ಲಾ ನಜ್ಜಾರೊ ಪೋರೊ ತಂಡ 1978ರಲ್ಲಿ ಅಝೆಲಾಯಿಕ್ ಆಮ್ಲದ ಕಡೆ ಬೆರಳು ತೋರಿಸಿತು. ಚಿಬ್ಬಿನ ಶಿಲೀಂಧ್ರ ತಯಾರಿಸುವ ಆಮ್ಲ ಅದು. ಇಂದು ಶೇ 20ರ ಕ್ರೀಮಾಗಿ ಬಂಗಿಗೆ ಬಳಕೆಯಲ್ಲಿದೆ. ಆದರೂ ಯಾವ ಕ್ರೀಮಾದರೂ ಬಿಸಿಲು ತಡೆಯದೆ ನಿಲ್ಲುವುದಿಲ್ಲ. ಕೊಡೆ, ತಲೆಗೂ ಹಣೆಗೂ ಬಿಗಿದ ಬಟ್ಟೆ, ಸನ್‌ಸ್ಕ್ರೀನ್, ಇವು ಅರ್ಧ ಚಿಕಿತ್ಸೆ.

ಹಾಗಾದರೆ ಬಂಗಿಗೆ ಬಾವಂಚಿ ಕೇಳುವವರು ಪೂರ್ತಿ ತಪ್ಪೇ? ಇಲ್ಲ, ಅದೇ ಇದರ ಸೋಜಿಗ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಗೋವರ್ಧನ ಮೆಹ್ತಾ, ಯು.ಆರ್. ನಾಯಕ್ ಮತ್ತು ಸುಖದೇವ್ ಇದೇ ಬೀಜದಿಂದ ಬಾಕುಚಿಯೋಲ್ ಎಂಬ ಬೇರೆಯೇ ವಸ್ತುವನ್ನು ತೆಗೆದು 1966ರಲ್ಲಿ ಪ್ರಕಟಿಸಿದರು. ಆಗ ಯುವಕರಾಗಿದ್ದ ಮೆಹ್ತಾ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಐವತ್ತು ವರ್ಷ ಅದರತ್ತ ಸೌಂದರ್ಯಲೋಕ ಹೆಚ್ಚು ತಿರುಗಿ ನೋಡಲಿಲ್ಲ. ಅಮೆರಿಕದ ವೈದ್ಯರು 44 ಮಂದಿಯ ಮೇಲೆ 12 ವಾರ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಶೇ 0.5ರ ಬಾಕುಚಿಯೋಲ್ ಕ್ರೀಮ್, ಅಷ್ಟೇ ಪ್ರಮಾಣದ ರೆಟಿನಾಲ್‌ಗೆ ಸಮನಾಗಿ ಮುಖದ ಸುಕ್ಕನ್ನೂ ಕಪ್ಪು ಕಲೆಯನ್ನೂ ತಗ್ಗಿಸಿತು. ಚಿಕ್ಕ ಪ್ರಯೋಗ, ಬಿಸಿಲಿಗೆ ಮುಖ ಸವೆದವರ ಮೇಲೆ ನಡೆಸಿದ್ದು, ಬಂಗಿಗೆಂದೇ ಮಾಡಿದ್ದಲ್ಲ. ಆದರೂ ಜಾಹೀರಾತುಗಳಿಗೆ ಅಷ್ಟು ಸಾಕಾಯಿತು.

ಕ್ರೀಮಿಗೆ ಹಾಕುವ ಬಾಕುಚಿಯೋಲನ್ನು ಸೋರಾಲೆನ್ನಿನಿಂದ ಬಿಡಿಸಿ ಶುದ್ಧ ಮಾಡಿರುತ್ತಾರೆ, ಒಳ್ಳೆಯ ತಯಾರಕರಾದರೆ. ಗ್ರಂದಿಗೆ ಅಂಗಡಿಯ ಪೊಟ್ಟಣದಲ್ಲಿರುವ, ಅಥವಾ ಬಾವಂಚಿಯ ಇನ್ನೊಂದು ಹೆಸರಿನಲ್ಲಿ, ಬಾಕುಚಿ ಪುಡಿ ಎಂದು ಚೀಟಿ ಅಂಟಿಸಿದ ಡಬ್ಬಿಯಲ್ಲಿರುವ ಬೀಜಕ್ಕೆ ಯಾರೂ ಹಾಗೆ ಮಾಡಿಲ್ಲ. ಕಲೆ ತಿಳಿಯಾಗಿಸುವುದೂ ಕಪ್ಪಾಗಿಸುವುದೂ ಎರಡೂ ಅದರೊಳಗೆ ಒಟ್ಟಿಗೇ ಇವೆ.